ಚರ್ಮ ವಾಸಿಯಾದ ಮೇಲೆ

ಕಮಲಾಪುರ
೧೨ ಜೂನ್ ೧೯೯೭

ಪ್ರೀತಿಯ ಅನಸೂಯಾಗ,

ಶರಣು. ಪತ್ರ ಬರೀದೇ ವರ್ಷ ದಾಟ್ಯದ, ಸಿಟ್ಟಾಗಬ್ಯಾಡ. ಬರಿಯೂ ಅಂಥದ್ದು ಏನೂ ಇರಲಿಲ್ಲ. ಇದ್ದದ್ದು ಬರಿಯೂ ಅಂಥದ್ದಾಗಿರಲಿಲ್ಲ.

ನಮ್ಮ ಶಿವಲೀಲಾಗ ಬರೂ ಶ್ರಾವಣಕ್ಕ ನಾಕು ತುಂಬತಾವ. ನೀ ಆಕೀನ ತೊಟ್ಟಿಲದಾಗ ನೋಡಿದ್ದಿ. ಆವಾಗ ಗಲ್ಲದ ಮ್ಯಾಲ ಕೆಂಪಗ ಇತ್ತಲ್ಲ, ಅದು ಈಗ ಮೊಣಕೈ ಮಡಚೂ ಜಾಗಾ, ಮೊಣಕಾಲ ಹಿಂದ, ಕುತ್ತಿಗಿ ಸುತ್ತ ಎಲ್ಲಾ ಹಬ್ಬ್ಯದ. ತುರಿಸಿ ತುರಿಸಿ ರಕ್ತ ಬರಸಕೋತಾಳ. ಬೇವಿನ ತಪ್ಪಲ ಹಾಕಿ ಸುಡು ಸುಡು ನೀರಿನ್ಯಾಗ ಜಳಕಾ ಮಾಡಸೀನಿ. ಹಾಲು, ಮೊಸರು, ಬದನಿಕಾಯಿ ಎಲ್ಲಾ ಬಿಡಸೀನಿ. ಏನೂ ಉಪಯೋಗ ಇಲ್ಲ. ಅಂಗನವಾಡಿ ಬಾಯಿ ಆಕೀನ ಬ್ಯಾರೆ ಚಾಪಿ ಮ್ಯಾಲ ಕೂಡಸ್ತಾಳ. ಮಗ್ಗಲ ಮನಿ ಚಂದಮ್ಮ, "ದೊಡ್ಡ ರೋಗ ಇದ್ದೀತು, ಯಾರಿಗೆರೆ ತೋರಸ್ರೀ" ಅಂತ ನನ್ನ ಮಾರಿ ನೋಡದೇ ಅಂದಳು.

ಇನ್ನೊಂದು ಅದ. ಆಕಿ ಮಾತಾಡಂಗಿಲ್ಲ. ಎರಡು ವರ್ಷದಾಕಿ ಇದ್ದಾಗ ಅವ್ವ, ನೀರು, ಬಾ ಅಂತಿದ್ದಳು. ಆಮ್ಯಾಲ ಒಂದೊಂದೇ ಮಾತು ನಿಂತು ಹೋತು. ಹೆಸರು ಹಿಡದು ಕರದ್ರ ತಿರುಗಿ ನೋಡಂಗಿಲ್ಲ. ಕಿವಿ ಕೇಳಂಗಿಲ್ಲ ಅಂತೀಯೇನು? ಹುಮನಾಬಾದ ಕಡೆಯಿಂದ ಬಸ್ಸು ಬರೂದು ನಮಗಿಂತ ಮೊದಲ ಆಕೀಗೇ ಗೊತ್ತಾಗ್ತದ, ಎದ್ದು ಬಾಗಲಕ್ಕ ಹೋಗಿ ನಿಂದರತಾಳ. ಹೊಸ ಅರಬಿ ಹಾಕಿದ್ರ ಮೈಯಾಗ ಮುಳ್ಳು ಹೊಕ್ಕಂಗ ಚೀರಿ ಹರದು ಒಗೀತಾಳ. ನಮ್ಮ ಮಾವನೋರ ಹಳೀ ಧೋತರ ಸುತ್ತಿದ್ರ ಸುಮ್ಮನಾಗ್ತಾಳ.

ಸೇಡಂ ರಸ್ತೆದಾಗ ನೀ ಕೆಲಸಾ ಮಾಡೂ ದವಾಖಾನಿ ಡಾಕ್ಟರು ಚರ್ಮಕ್ಕೂ ಛಲೋ, ಸಣ್ಣ ಮಕ್ಕಳಿಗೂ ಛಲೋ ಅಂತ ಕೇಳೀನಿ. ಆಕೀನ ಕರಕೊಂಡು ಬರಲೇನು? ಮನಿಯಾಗ ಇವರು ನಾಳೆ ನಾಡದ್ದು ಅಂತ ಮುಂದ ಹಾಕ್ತಾರ. ಬಾಳಿಹಣ್ಣಿನ ವಖಾರಿ ಬಿಟ್ಟು ಎಲ್ಲಿಗೂ ಹೋಗಲಾರದ ಮನಷ್ಯಾ. ನೀ ಒಂದು ದಿನ ಗೊತ್ತು ಮಾಡಿ ಬರದ್ರ ಹೊರಡತಾರ. ಹೈಸ್ಕೂಲಿನ್ಯಾಗ ನನ್ನ ನಿಬಂಧ ಎಲ್ಲಾ ನಿನ್ನ ದುಂಡನ ಅಕ್ಷರದಾಗ ಬರದು ಕೊಟ್ಟು ಪಾಸು ಮಾಡಿಸಿದಾಕಿ ನೀ. ಇದನ್ನೂ ಒಂದು ದಾಟಿಸಿಬಿಡು.

ಮತ್ತ, ನನಗ ಮೂರು ತಿಂಗಳು. ಹೋದ ವರ್ಷ ಒಂದು ನಿಲ್ಲಲಿಲ್ಲ, ನಿನಗ ಗೊತ್ತದ. ಅದಕ್ಕ ಇನ್ನ ಯಾರ ಮುಂದೂ ಹೇಳಿಲ್ಲ.

ನಿನ್ನ ಕಸ್ತೂರಿ


ಬ್ರಹ್ಮಪುರ, ಕಲಬುರಗಿ
೧೮ ಜೂನ್ ೧೯೯೭

ಕಸ್ತೂರಿ,

ನಿನ್ನ ಪತ್ರ ಓದಿ ನಮ್ಮ ಅತ್ತಿಯವರ ಮುಂದ ಜೋರಾಗಿ ನಕ್ಕುಬಿಟ್ಟೆ, ಮೂರು ತಿಂಗಳು ಅನ್ನೂ ಸುದ್ದಿಗೆ. ಆಮೇಲೆ ಲೀಲಾನ ವಿಷಯ ಮತ್ತೊಮ್ಮೆ ಓದಿ, ಡಾಕ್ಟರ ಕಡೆ ಹೋಗಿ ದಿನಾ ಗೊತ್ತು ಮಾಡಿದೆ.

ಬರೂ ವಾರ, ೨೬ಕ್ಕ ಗುರುವಾರ, ಮುಂಜಾನಿ ಹತ್ತಕ್ಕ ಬಾ. ಮುಕುಂದರಾವ್ ಡಾಕ್ಟರು ಅವಸರ ಮಾಡೂದಿಲ್ಲ, ಕೂಸಿನ ಜೋಡಿ ನೆಲದ ಮ್ಯಾಲ ಕೂತು ನೋಡತಾರ. ಅವರು ಹೇಳಿದ್ದನ್ನ ಫೈಲಿನ್ಯಾಗ ಬರಿಯೂದು ನನ್ನ ಕೆಲಸ, ಅಂದಮ್ಯಾಲ ಒಳಗ ನಾನೂ ಇರ್ತೀನಿ. ಬರೂ ತನಕ ಸುಡು ನೀರು ಹಾಕಬ್ಯಾಡ. ದೊಡ್ಡ ರೋಗ, ಕುಷ್ಠ ಗಿಷ್ಠ ಏನೂ ಅಲ್ಲ ಅದು, ಚಂದಮ್ಮಗ ನನ್ನ ಹೆಸರಲೇ ಹೇಳು.

ನಿನ್ನ ಅನಸೂಯಾ


ಕಮಲಾಪುರ
೧ ಜುಲೈ ೧೯೯೭

ಪ್ರೀತಿಯ ಅನಸೂಯಾಗ,

ಅವತ್ತು ನಿನ್ನ ಜೋಡಿ ನಾಕು ಮಾತಾಡೂದೂ ಆಗಲಿಲ್ಲ. ಬಸ್ಸಿನ ವಾಸನಿಗೆ ಹೊಟ್ಟಿ ತೊಳಸಿ, ನಿಮ್ಮ ದವಾಖಾನಿ ನಳದ ಕಡೆನೇ ನಾ ಕೂತು ಬಿಟ್ಟೆ. ಇವರೇ ಲೀಲಾನ್ನ ಒಳಗ ಕರಕೊಂಡು ಹೋದರು. ಹೊರಗ ಬಂದಾಗ ಇವರ ಮಾರಿ ಬಾಡಿತ್ತು. "ಏನಂದ್ರು?" ಅಂದೆ. "ಚರ್ಮದ್ದು. ಅಂಟು ರೋಗ ಅಲ್ಲ. ಚರ್ಮ ಆರಾಮಾದ್ರ ಮಾತೂ ಬರ್ತದ ಅಂತ" ಅಂದರು. ಅಷ್ಟಕ್ಕ ಮಾರಿ ಯಾಕ ಬಾಡಬೇಕು ಅಂತ ನಾ ಕೇಳಲಿಲ್ಲ. ಬಿಸಲು ಭಾಳ ಇತ್ತು.

ಊರಿಗೆ ಬಂದಾಗಿಂದ ಅದನ್ನೇ ಯೋಚನಿ ಮಾಡಾಕತ್ತೀನಿ. ದಿನಾ ಪೂರ್ತಿ ಮೈ ಉರಿಯೂ ಕೂಸಿಗೆ ಮಾತು ಕಲಿಯಾಕ ಪುರಸೊತ್ತು ಎಲ್ಲಿ ಬರಬೇಕು? ಹಂಗ ನೋಡಿದ್ರ ಖರೆ ಅನಸ್ತದ. ಆದರ ನೀ ಒಳಗಿದ್ದಿ. ಇವರ ಮಾತಿನ್ಯಾಗ ಅರ್ಧ ಎಲ್ಲೆರೆ ಬಿಟ್ಟು ಹೋಗಿರ್ತದ. ನೀ ಹೇಳು, ಡಾಕ್ಟರು ಹಂಗೇ ಅಂದರೇನು? ನೀ ಹೌದು ಅಂದರ ಹೌದು.

ನಿನ್ನ ಕಸ್ತೂರಿ


ಬ್ರಹ್ಮಪುರ
೯ ಜುಲೈ ೧೯೯೭

ಕಸ್ತೂರಿ,

ಹೌದು. ನಿಮ್ಮವರು, ದೇವೀಂದ್ರಪ್ಪನವರು, ಹೇಳಿದ್ದು ಸರಿ ಅದ.

ಹಗುರ ಬೆಚ್ಚನ ನೀರು. ಜಳಕಾ ಆದ ಕೂಡಲೆ, ಮೈ ಪೂರಾ ಒಣಗೂಕಿಂತ ಮೊದಲ ವ್ಯಾಸಲೀನ್ ಹಚ್ಚಬೇಕು. ಮುಲಾಮು ಕೆಂಪಿದ್ದಲ್ಲಿ ಅಷ್ಟೇ, ತೆಳ್ಳಗ. ಉಗುರು ಸಣ್ಣಗ ಕತ್ತರಿಸು. ಧೋತರದ ಅರಬೀನೇ ಛಲೋ, ಅದರದೇ ಎರಡು ಅಂಗಿ ಹೊಲಿಸು, ಹೊಲಿಗಿ ಹೊರಗ ಬರೂ ಹಂಗ. ಹಾಲು ಮೊಸರು ಬಿಡಿಸಬ್ಯಾಡ.

ನೀ ಓಡಾಡಬ್ಯಾಡ. ತೋರಸಲಿಕ್ಕೆ ಅವರೇ ಕರಕೊಂಡು ಬರಲಿ. ನಿನ್ನ ತಬ್ಯತ್ ನೋಡಿಕೋ.

ಅನಸೂಯಾ


ಕಮಲಾಪುರ
೨೫ ಜನವರಿ ೧೯೯೮

ಪ್ರೀತಿಯ ಅನಸೂಯಾಗ,

ಗಂಡು. ಹದಿನೈದು ದಿನದಾಂವ. ಮಲಕೊಂಡೇ ಬರೀಲಿಕತ್ತೀನಿ, ಅಕ್ಷರ ನೋಡಿ ನಗಬ್ಯಾಡ.

ನೀ ಹೇಳಿದ್ದೆಲ್ಲಾ ತಪ್ಪದೇ ಮಾಡೀನಿ. ಮೊಣಕಾಲ ಹಿಂದಿನ ಗಾಯ ಮಾಯ್ದವ. ಮುಂಜಾನಿ ವ್ಯಾಸಲೀನ್ ಹಚ್ಚೂ ಮುಂದ ಲೀಲಾ ಎಷ್ಟು ಸಮಾಧಾನದಿಂದ ನಿಂದರತಾಳ ಅಂತೀ! ನಾ ಹಚ್ಚಿಗೋತ ಒಂದೊಂದೇ ಮಾತು ಹೇಳ್ತೀನಿ. ಇದು ಕೈ. ಇದು ಕಾಲು. ಇದು ನಿನ್ನ ತಮ್ಮ. ಚರ್ಮ ಇನ್ನೊಂದೀಟು ಮೆತ್ತಗಾಗಲಿ, ಒಂದಿನ ತಾನೇ ತಿರುಗಿ ಹೇಳ್ತಾಳ. ಮಾತು ಒಳಗೇ ಅವ, ತುರಿಕಿ ಅಡ್ಡ ನಿಂತದ, ಅಷ್ಟೇ.

ಚಂದಮ್ಮ ಈಗ ಆಕೀನ ಎತ್ತಿಕೋತಾಳ. ನಿನ್ನಿಂದೇ ಇದು ಆದದ್ದು ಅಂತ ಎಲ್ಲಾರಿಗೂ ಹೇಳೀನಿ. ಹೆಸರಿಡೂ ದಿನ ಬಾ.

ನಿನ್ನ ಕಸ್ತೂರಿ


ಬ್ರಹ್ಮಪುರ
೧೪ ಫೆಬ್ರುವರಿ ೧೯೯೮

ಕಸ್ತೂರಿ,

ಕೂಸಿಗೆ ಆಶೀರ್ವಾದ. ಅತ್ತಿಯವರ ಕಾಲು ಬಾತು ಹೊರಗ ಬರಲಿಕ್ಕೆ ಆಗಲಿಲ್ಲ. ನಿಮ್ಮೂರ ಕಡೆ ಹೊರಟ ಸಾಯಬಣ್ಣನ ಕೈಲೆ ಎರಡು ಟೊಪ್ಪಿಗಿ, ಲೀಲಾಗ ಒಂದು ಮೆತ್ತನ ದುಪ್ಪಟಿ ಕಳಿಸೀನಿ.

ಲೀಲಾನ ಜೋಡಿ ಮಾತಾಡೂದು ಬಿಡಬ್ಯಾಡ. ಆಕಿ ಹೇಳಲಿ ಬಿಡಲಿ, ನೀ ಹೇಳಿಗೋತ ಇರು. ಇನ್ನೂ ಬರೀಬೇಕಂತ ಇತ್ತು. ಇವತ್ತು ಇಷ್ಟೇ.

ಅನಸೂಯಾ


ಕಮಲಾಪುರ
೨೦ ಡಿಸೆಂಬರ್ ೧೯೯೮

ಅನಸೂಯಾ,

ಈ ವರ್ಷ ನೀ ಬರದದ್ದು ಒಂದೇ ಪತ್ರ. ನಾ ಲೆಕ್ಕಾ ಇಡಾಕಿ ಅಲ್ಲ, ಆದರ ಇವತ್ತು ಬರೀಲಿಕ್ಕೆ ಇನ್ನ ಯಾರೂ ಇಲ್ಲ.

ಲೀಲಾನ ಮೈ ಈಗ ಪೂರಾ ಆರಾಮಾಗ್ಯದ. ದೀಪಾವಳಿಯಿಂದ ಒಂದು ಗೀರೂ ಇಲ್ಲ. ಮೊಣಕೈ ಮಡಚೂ ಜಾಗಾ ಮುಟ್ಟಿದ್ರ ರೇಶಿಮಿ ಇದ್ದಂಗ ಅದ. ನಾ ದಿನಾ ಮುಂಜಾನಿ ಎದ್ದು ಆಕೀ ಬಾಯಿ ನೋಡಿಗೋತ ಕೂಡತಿದ್ದೆ. ಇವತ್ತು ಬರ್ತದ, ಇವತ್ತು ಬರ್ತದ ಅಂತ.

ಮೊನ್ನಿ ಮಂಗಳವಾರ ಆಕಿ ನೀರಿನ ಹಂಡೇದ ಮುಂದ ನಿಂತು ಚೀರಾಕ ಸುರು ಮಾಡಿದಳು. ನೀರು ಬೇಕಾಗಿತ್ತು, ನನಗ ಗೊತ್ತಿತ್ತು. "ನೀರು ಅನ್ನು, ಕೊಡ್ತೀನಿ" ಅಂದೆ. ಒಮ್ಮಿ ಅಂತಿದ್ದಳಲ್ಲ ಆ ಮಾತು! ಲೋಟ ತುಂಬಿ ಆಕೀ ಮುಂದ ಹಿಡದೆ. "ಅನ್ನು." ಆಕಿ ಚೀರಿದಳು. "ಮೈ ಆರಾಮಾಗ್ಯದ, ಇನ್ನ ಏನಾಗ್ಯದ ನಿನಗ? ಯಾಕ ಇಷ್ಟು ಹಟ ಮಾಡ್ತಿ?" ಅಂತ ಕೇಳಿದೆ. ತನ್ನ ಕೈ ತಾನೇ ಕಚ್ಚಿಕೊಂಡಳು.

ನಾ ಹೊಡದೆ, ಅನಸೂಯಾ. ಗಲ್ಲಕ್ಕ. ಎರಡು ಸಲ. ಒಂದೂವರೆ ವರ್ಷ ನನ್ನ ಕೈಯಾರೆ ಮೆತ್ತಗ ಮಾಡಿದ ಗಲ್ಲದ ಮ್ಯಾಲ ನನ್ನವೇ ಐದು ಬೆರಳು ಮೂಡಿದ್ದವು. ಆಕಿ ಅಳಲೂ ಇಲ್ಲ. ಗಲ್ಲಾ ಒಯ್ದು ತಣ್ಣನ ಹಂಡೇಕ್ಕ ಒತ್ತಿ ಹಿಡಕೊಂಡು ನಿಂತಳು.

ಇದು ಹಟಾನೇ ಏನು? ಮಾತು ಇದ್ದೂ ಕೊಡಲಾರದಂಗ ನನ್ನ ಮ್ಯಾಲ ಆಕೀಗೆ ಏನು ಸಿಟ್ಟು ಅದ? ಡಾಕ್ಟರಿಗೆ ಕೇಳಿ ಬರಿ.

ಕಸ್ತೂರಿ


ಬ್ರಹ್ಮಪುರ
೨೪ ಡಿಸೆಂಬರ್ ೧೯೯೮

ಕಸ್ತೂರಿ,

ಹೊಡೀಬ್ಯಾಡ. ನಿನ್ನ ಕಾಲಿಗೆ ಬೀಳತೀನಿ, ಇನ್ನೊಮ್ಮೆ ಹೊಡೀಬ್ಯಾಡ. ಆಕೀದು ಹಟ ಅಲ್ಲ.

ಅನಸೂಯಾ


ಕಮಲಾಪುರ
೧೬ ಸೆಪ್ಟೆಂಬರ್ ೧೯೯೯

ಅನಸೂಯಾಬಾಯಿಯವರಿಗೆ,

ನಿನ್ನೆ ನಾ ನಿಮ್ಮ ದವಾಖಾನಿಗೆ ಬಂದಿದ್ದೆ. ಮಳಿಗಾಲಕ್ಕ ಲೀಲಾನ ತುರಿಕಿ ಮತ್ತ ಎದ್ದದ. ಇವರು ಮಾಲು ಹಾಕಿಕೊಂಡು ಸೊಲ್ಲಾಪುರಕ್ಕ ಹೋಗಿದ್ದರು. ಆಕೀ ತಮ್ಮನ್ನ ಚಂದಮ್ಮನ ಕಡೆ ಬಿಟ್ಟು, ಎರಡು ವರ್ಷದಾಗ ಮೊದಲ ಸಲ ನಾನೇ ಕರಕೊಂಡು ಬಂದೆ. ನೀ ಮಂತ್ರಾಲಯಕ್ಕ ಹೋಗಿದ್ದಿ. ದೊಡ್ಡ ಡಾಕ್ಟರೂ ಇರಲಿಲ್ಲ. ಹೊಸದಾಗಿ ಬಂದ ಹಮೀದ್ ಡಾಕ್ಟರು ಇದ್ದರು.

ಅವರು ಫೈಲು ತಗದು ಓದಿ ಕೇಳಿದರು: "ಹೇಳಿದ್ದೆಲ್ಲಾ ಮಾಡಿದಿರೇನಮ್ಮ?"

"ಮುಲಾಮು ದಿನಾ ಹಚ್ಚೀನ್ರೀ."

"ಮುಲಾಮಲ್ಲ. ಮಾತಿಂದು. ಹೈದರಾಬಾದಿಗೆ ತೋರಿಸ್ರಿ, ಲಗೂನ ಕಲಿಸಾಕ ಸುರು ಮಾಡ್ರಿ ಅಂತ ತೊಂಬತ್ತೇಳರಾಗೇ ಬರದದಲ್ಲ?"

"ಯಾರು ಬರದಾರ್ರೀ?"

ಫೈಲು ನನ್ನ ಕಡೆ ತಿರುಗಿಸಿದರು. ನನಗ ಇಂಗ್ಲಿಷು ಓದಾಕ ಅಷ್ಟು ಬರಂಗಿಲ್ಲ. ಆದರ ಅಕ್ಷರ ಗುರುತು ಸಿಕ್ಕವು. ದುಂಡನ ಅಕ್ಷರ, ಸಾಲು ಒಂದೀಟೂ ಸೊಟ್ಟ ಇಲ್ಲ. ಅವರು ಒಂದೊಂದೇ ಸಾಲು ಓದಿ ಕನ್ನಡದಾಗ ಹೇಳಿದರು. ಚರ್ಮದ್ದು ಎಕ್ಸಿಮಾ. ಮಾತಿಂದು ಬ್ಯಾರೆ, ಅದಕ್ಕ ಆಟಿಸಂ ಅಂತಾರ. ಕೊನೀ ಸಾಲು: ತಂದೆಗೆ ತಿಳಿಸಲಾಗಿದೆ.

ಅಷ್ಟು ಕೇಳಿದ ಮ್ಯಾಲೂ ನಾ ಹುಚ್ಚಿಯಂಗ ಒಂದು ಕೇಳಿದೆ. "ಚರ್ಮ ಪೂರಾ ಆರಾಮಾದ್ರ ಮಾತು ಬರಂಗಿಲ್ಲೇನ್ರೀ?"

ಅವರು ಕುರ್ಚಿ ಮುಂದ ಎಳಕೊಂಡು ಸಾವಕಾಶ ಹೇಳಿದರು. "ಈ ಎರಡೂ ಒಂದೇ ಕೂಸಿನ್ಯಾಗ ಕೂಡಿ ಕಾಣೂದು ಜಾಸ್ತಿ ಅಂತ ಕೆಲವು ಡಾಕ್ಟರು ಬರದಾರಮ್ಮ. ಒಳಗ ಏನರೆ ಸಂಬಂಧ ಅದನೋ, ಇಲ್ಲೋ, ಇನ್ನ ಯಾರಿಗೂ ಪಕ್ಕಾ ಗೊತ್ತಿಲ್ಲ. ಆದರ ಒಂದರಿಂದ ಇನ್ನೊಂದು ಬಂದದ, ಒಂದು ವಾಸಿ ಆದ್ರ ಇನ್ನೊಂದು ಹೋಗ್ತದ ಅನ್ನೂ ಹಂಗಿಲ್ಲ. ತುರಿಕಿ ಆಗ್ತದ ಅಂತ ಹೇಳಾಕ ಬರಲಾರದ ಕೂಸು ಏನು ಮಾಡಬೇಕು? ಚೀರ್ತದ, ಕಚ್ಚಿಕೋತದ. ತುರಿಕಿ ಕಮ್ಮಿ ಇದ್ರ ಆಕೀಗೆ ಕಲಿಯಾಕ ಸಮಾಧಾನ ಇರ್ತದ. ನಮ್ಮ ಕೈಯಾಗ ಇರೂದು ಅಷ್ಟು. ನೀವು ಚರ್ಮ ಭಾಳ ಛಲೋ ನೋಡಿಕೊಂಡೀರಿ. ಕಲಿಸೂದು ಮಾತ್ರ ತಡಾ ಆಗ್ಯದ."

ತಡಾ ಆಗ್ಯದ. ಎಷ್ಟು ಮೆತ್ತಗ ಅಂದರು.

ಸಂಜೀಕ ಇವರು ಬಂದರು. ಕೇಳಿದೆ. ಟಾವೆಲ್ಲಿನಿಂದ ಮಾರಿ ಒರಸಿಕೊಂಡರು. ಆಮ್ಯಾಲ, "ನೀ ಬಸುರಿ ಇದ್ದಿ. ಒಂದು ಹೋಗಿತ್ತು. ಇದೂ ಹೋಗಬಾರದು ಅಂತ ಮುಚ್ಚಿದೆ. ನಿನ್ನ ಗೆಳತೀನೂ ಹೂಂ ಅಂದಳು" ಅಂದರು. ಗಂಡ ಸುಳ್ಳು ಹೇಳಿದ್ದು ಕೇಳಿ ನನಗ ಅಳು ಬರಲಿಲ್ಲ. ಅಂವ ಹೆದರೂ ಮನಷ್ಯಾ, ಅದು ನನಗ ಗೊತ್ತು. ಅದಕ್ಕೇ ನಾ ನಿನ್ನ ಕೇಳಿದ್ದು. ನೀ ಹೌದು ಅಂದರ ಹೌದು ಅಂತ ಬರದಿದ್ದೆ. ಆ ಪತ್ರ ಇನ್ನೂ ನಿನ್ನ ಕಡೆ ಇದ್ರ ತಗದು ನೋಡು.

"ಆಕೀದು ಹಟ ಅಲ್ಲ" ಅಂತ ಬರದಿ. ನಿನಗ ಗೊತ್ತಿತ್ತು. ನಾ ನನ್ನ ಕೂಸಿನ ಗಲ್ಲಕ್ಕ ಹೊಡದ ಮ್ಯಾಲೂ ನೀ ನನಗ ಹೇಳಿದ್ದು ಮೂರೇ ಮಾತು. ಉಳದದ್ದು ನಿನ್ನ ಫೈಲಿನ್ಯಾಗ ಇತ್ತು.

ಕಸ್ತೂರಿಬಾಯಿ


ಬ್ರಹ್ಮಪುರ
೨ ಅಕ್ಟೋಬರ್ ೧೯೯೯

ಕಸ್ತೂರಿ,

ನೀ ಬಹುವಚನದಾಗ ಕರದದ್ದು ಸರಿ ಅದ. ಎಲ್ಲಾ ಹೇಳತೀನಿ. ಮಾಫಿ ಕೇಳೂ ಧೈರ್ಯ ಇಲ್ಲ.

ಡಾಕ್ಟರು ಹೇಳಿ ಮುಗಿಸಿದಾಗ ನಿಮ್ಮವರು ನನ್ನ ಟೇಬಲ್ ಹಿಡಕೊಂಡು ನಿಂತಿದ್ದರು. "ಬಾಯಾರ, ಆಕಿ ಹೊರಗ ಕೂತು ಕಾರಾಕತ್ತಾಳ. ಈಗ ಇದು ಹೇಳಿದ್ರ ಆಕಿನೂ ಉಳಿಯಂಗಿಲ್ಲ, ಹೊಟ್ಟ್ಯಾಗಿಂದೂ ಉಳಿಯಂಗಿಲ್ಲ. ಹಡಿಯೂ ತನಕ ಅಷ್ಟೇರೀ" ಅಂದರು. ನಾ ಒಪ್ಪಿಕೊಂಡೆ. ಹಡಿಯೂ ತನಕ ಅಂತ. ಡಾಕ್ಟರು ನಿನಗ ಮನಿಯಾಗ ಗೊತ್ತದ ಅಂತನೇ ತಿಳಕೊಂಡಿದ್ದರು. ನಾ ಅವರನ್ನೂ ತಿದ್ದಲಿಲ್ಲ.

ನೀ ಹಡದಿ. ಹದಿನೈದು ದಿನದ ಬಾಣಂತಿ ಬರದ ಪತ್ರ ಬಂತು. ಮಾತು ಒಳಗೇ ಅವ, ತುರಿಕಿ ಅಡ್ಡ ನಿಂತದ ಅಂತ ಬರದಿದ್ದಿ. ಅಂಥಾ ಸಂತೋಷದ ಪತ್ರ ನೀ ನನಗ ಮದಿವ್ಯಾದ ಮ್ಯಾಲ ಬರದಿರಲಿಲ್ಲ. ಎಲ್ಲಾ ನಿನ್ನಿಂದೇ ಆದದ್ದು ಅಂದಿದ್ದಿ. ಈಗ ಹೇಳಿದರ ಇನ್ನೊಂದು ಅಂಥಾ ಪತ್ರ ಬರೂದಿಲ್ಲ ಅನಸ್ತು. ಮೊದಲಿನ ಆರು ತಿಂಗಳು ನಿನ್ನ ಸಲುವಾಗಿ ಮುಚ್ಚಿದೆ. ಆಮೇಲಿನ ಒಂದೂವರೆ ವರ್ಷ ನನ್ನ ಸಲುವಾಗಿ. ಅದಕ್ಕ ದೇವೀಂದ್ರಪ್ಪನವರ ಹೆಸರು ಹೇಳೂದಿಲ್ಲ. ಅವರು ಮತ್ತ ನನ್ನ ಕೇಳಿಕೊಂಡೇ ಇರಲಿಲ್ಲ.

ನೀ ಹೊಡದ ಪತ್ರ ಬಂದ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಕಮಲಾಪುರದ ಬಸ್ಸಿನಾಗ ಕೂತೆ. ಕಂಡಕ್ಟರ್ ಟಿಕೀಟು ಕೊಡಲಿಕ್ಕೆ ಬಂದ. ನಿನ್ನ ಮಾರಿ ಕಣ್ಣ ಮುಂದ ಬಂತು. ಇಳದು ಮನಿಗೆ ಬಂದು ಆ ಚೀಟಿ ಬರದು ಟಪಾಲ ಡಬ್ಬಿಗೆ ಹಾಕಿದೆ. ಆ ಹೊಡತ ಲೀಲಾಗ ನೀ ಹೊಡದದ್ದಲ್ಲ ಕಸ್ತೂರಿ. ನಾ ಕೂತಲ್ಲಿಂದ ಹೊಡದದ್ದು.

ಫೈಲಿನ ಪ್ರತಿ ಎಲ್ಲಾ ಇದರ ಜೋಡಿ ಇಟ್ಟೀನಿ, ಕೆಳಗ ಕನ್ನಡದಾಗ ಅರ್ಥ ಬರದೀನಿ. ಬ್ಯಾರೆಯವರ ಕಡೆ ಓದಿಸಿ ತಾಳೆ ಹಾಕಿ ನೋಡು. ಸೇಡಂ ರಸ್ತೆದ ಒಳಗಿನ ಓಣಿಯಾಗ ಹೈದರಾಬಾದಿನಲ್ಲಿ ಕಲತು ಬಂದ ಟೀಚರೊಬ್ಬರು ಎರಡು ಖೋಲಿಯಾಗ ಇಂಥಾ ಮಕ್ಕಳಿಗೆ ಕಲಸ್ತಾರ. ವಿಳಾಸ ಹಿಂದಿನ ಪುಟದಾಗ ಅದ.

ಅನಸೂಯಾ


ಕೋಟನೂರ
೨೭ ಆಗಸ್ಟ್ ೨೦೦೦

ಅನಸೂಯಾ,

ನಿನ್ನ ಪತ್ರ ಬಂದು ಹತ್ತು ತಿಂಗಳ ಮ್ಯಾಲಾತು. ಉತ್ತರ ಬರೀಬಾರದು ಅಂತಿದ್ದೆ. ವಿಳಾಸ ಖರೆ ಇತ್ತು, ಅದಕ್ಕ ಇಷ್ಟು ತಿಳಸ್ತೀನಿ: ಜನವರಿಯಿಂದ ಇಲ್ಲೇ ಕಲಬುರಗಿ ಮಗ್ಗಲ ಕೋಟನೂರದಾಗ ನಮ್ಮಣ್ಣ ನೀಲಕಂಠನ ಮನಿಯಾಗ ಇದ್ದೀನಿ. ದಿನಾ ಲೀಲಾನ್ನ ಆ ಟೀಚರ ಕಡೆ ಕರಕೊಂಡು ಬರ್ತೀನಿ. ಇವರು ಐತವಾರಕ್ಕೊಮ್ಮೆ ಬಂದು ಮಕ್ಕಳನ್ನ ನೋಡಿ ಹೋಗ್ತಾರ. ನಮ್ಮಿಬ್ಬರ ನಡಬರಕ ಊಟ ಬಡಿಸೂ ಅಷ್ಟು ಮಾತು ಉಳದದ. ನಿನ್ನ ದವಾಖಾನಿ ಮುಂದಿಂದನೇ ಆಟೋ ಹೋಗ್ತದ. ನಾ ಆ ಕಡೆ ನೋಡಂಗಿಲ್ಲ.

ಟೀಚರು ಲೀಲಾಗ ಮಾತು ಬಂದೇ ಬರ್ತದ ಅಂತ ಹೇಳಿಲ್ಲ. ಬರಂಗಿಲ್ಲ ಅಂತನೂ ಹೇಳಿಲ್ಲ. ಮೊದಲ ದಿನವೇ, "ಗೊತ್ತಿಲ್ಲಮ್ಮ, ನೋಡೋಣು" ಅಂದರು. ಗೊತ್ತಿಲ್ಲ ಅಂತ ನನ್ನ ಮಾರಿ ನೋಡಿ ಅಂದವರು ಅವರು, ಹಮೀದ್ ಡಾಕ್ಟರು, ಇಬ್ಬರೇ. ಆ ಒಂದು ಮಾತಿನ ಮ್ಯಾಲ ನಾ ಇಲ್ಲಿ ತನಕ ನಡದು ಬಂದೀನಿ. ಹಟ ಅಂದುಕೊಂಡು ಕಳೆದ ದಿನಾ ನೆನಪಾದರ ಇನ್ನೂ ಅನ್ನ ಇಳಿಯಂಗಿಲ್ಲ. ಟೀಚರು ಹೇಳಿದರು, ನಾಕು ವರ್ಷದಾಕಿ ಇದ್ದಾಗ ಬಂದಿದ್ರ ಇನ್ನೂ ಛಲೋ ಇತ್ತು ಅಂತ. ಎರಡು ವರ್ಷ. ಅವನ್ನ ನನಗ ಯಾರು ತಿರುಗಿ ಕೊಡೂವರು? ಮೊದಲಿನ ಆರು ತಿಂಗಳು, ಆಮೇಲಿನ ಒಂದೂವರೆ ವರ್ಷ ಅಂತ ನೀ ಹಂಚಿ ಬರದಿ. ಲೀಲಾಗ ಹಂಗ ಹಂಚಾಕ ಬರಂಗಿಲ್ಲ. ಆಕೀದು ಹೋಗಿದ್ದೆಲ್ಲಾ ಒಂದೇ.

ನಿನ್ನೆ ಮಧ್ಯಾಹ್ನ ನಾ ಜೋಳಾ ಹಸನ ಮಾಡಿಗೋತ ಪಡಸಾಲಿಯಾಗ ಕೂತಿದ್ದೆ. ಮಳಿ ಬಂದು ನಿಂತಿತ್ತು, ಸೆಕಿ ಇತ್ತು. ಲೀಲಾ ಗ್ವಾಡಿಗೆ ಬೆನ್ನು ಹಚ್ಚಿ ತಿಕ್ಕಾಕತ್ತಿದ್ದಳು. ಇಷ್ಟು ದಿನಾ ತುರಿಕಿ ಬಂದ್ರ ನನ್ನ ಕೈ ದೂಡಿ ತಾನೇ ಕೆರಕೊಂಡು ರಕ್ತ ಮಾಡಕೋತಿದ್ದಳು. ನಿನ್ನೆ ಎದ್ದು ಬಂದು ನನ್ನ ಮುಂದ ನಿಂತಳು. ಜೋಳದಾಗಿಂದ ನನ್ನ ಕೈ ಹಿಡದು ಎತ್ತಿ, ತಿರುಗಿ ನಿಂತು, ತನ್ನ ಬೆನ್ನಿನ ಮ್ಯಾಲ ಇಟ್ಟಳು. ನಾ ಕೆರೀಲಿಲ್ಲ, ಟೀಚರು ಹೇಳಿಕೊಟ್ಟಂಗ ಅಂಗೈಲೆ ಗಟ್ಟಿ ಒತ್ತಿ ಹಿಡದೆ. ಖರೇನೇ ಕೇಳ್ಯಾಳೇನು ಅಂತ ನೋಡಾಕ ಕೈ ತಗದೆ. ಮತ್ತ ಹಿಡದು ಅದೇ ಜಾಗಾದಾಗ ಇಟ್ಟಳು.

ಏಳು ವರ್ಷದ ನನ್ನ ಮಗಳು ಮೊದಲ ಸಲ ನನ್ನ ಕೈ ಹಿಡದು ಇದು ಬೇಕು ಅಂದಳು. ಮಾತಿಲ್ಲ. ಆದರ ಅಂದಳು.

ಯಾರಿಗೆ ಹೇಳಲಿ ಅಂತ ಮನಿ ತುಂಬ ತಿರುಗಾಡಿದೆ. ಅಣ್ಣಗ ಹೇಳಿದೆ. "ಛಲೋ ಆತು ಬಿಡವಾ" ಅಂದು ಹೊಲಕ್ಕ ಹೋದ. ಇವರಿಗೆ ಹೇಳೂ ಮನಸು ಬರಲಿಲ್ಲ. ಬಾಯಿಗೆ ಬಂದದ್ದು ನಿನ್ನ ಹೆಸರು. ಅದಕ್ಕ ಎಷ್ಟು ಸಿಟ್ಟು ಬಂತು ಅಂದ್ರ, ಅಡಗಿ ಮನಿಗೆ ಹೋಗಿ ಕೂತು ಅತ್ತೆ. ನನ್ನ ಮಗಳ ಎರಡು ವರ್ಷ ತಗೊಂಡಿ. ಇಂಥಾ ಸುದ್ದಿ ಹೇಳಬೇಕಂದ್ರ ನೆನಪಾಗೂ ಒಬ್ಬಾಕೀನೂ ನೀನೇ ತಗೊಂಡು ಹೋದಿ.

ಅದಕ್ಕ ಬರದೀನಿ. ಇದು ರಾಜಿ ಪತ್ರ ಅಲ್ಲ. ಉತ್ತರ ಬರೀಬ್ಯಾಡ. ಬರದ್ರ ನಾ ಓದತೀನಿ, ಓದಿದ್ರ ಮತ್ತ ನಂಬಬೇಕು ಅನಸ್ತದ.

ಕಸ್ತೂರಿ